‘ಮೇಡಂ ನೋಟ್ಸ್ ಕೊಡಲ್ಲ’: ಮೈಸೂರಿನ ಒಂದು ಬಿಎ ಕ್ಲಾಸಿನ 31 ಸಹಿ

ಅರ್ಜಿ ಒಂದೇ ಪುಟದ್ದು. ಲಾಂಗ್‌ಬುಕ್ಕಿಂದ ಹರಿದ ಹಾಳೆ, ಮೇಲೆ ‘ಮಾನ್ಯ ಪ್ರಾಂಶುಪಾಲರಿಗೆ’, ವಿಷಯ ಅನ್ನೋ ಜಾಗದಲ್ಲಿ ‘ರಾಜ್ಯಶಾಸ್ತ್ರ ಮೇಡಂ ನೋಟ್ಸ್ ಕೊಡದೆ ಇರುವ ಬಗ್ಗೆ’, ಕೆಳಗೆ 31 ಸಹಿ. ಕ್ಲಾಸಲ್ಲಿ ಇದ್ದಿದ್ದು ಒಟ್ಟು 52 ಜನ. ದಯವಿಟ್ಟು ಬೇರೆ ಲೆಕ್ಚರರ್ ಹಾಕಿಕೊಡಿ ಅನ್ನೋದು ಕೊನೆ ಸಾಲು. ಅದನ್ನ ಬರೆದು ನನಗೆ ತಂದುಕೊಟ್ಟಿದ್ದು ಪಾಂಡವಪುರ ಕಡೆಯ ಒಬ್ಬ ಹುಡುಗಿ, ಕೊಟ್ಟವಳು ಒಂದು ಮಾತೂ ಆಡದೆ ಓಡಿಹೋದಳು.

ನಾನು ಅದೇ ಕಾಲೇಜಲ್ಲಿ ಕನ್ನಡ ಪಾಠ ಮಾಡ್ತೀನಿ, ಜೊತೆಗೆ ಮಕ್ಕಳ ಫೀಡ್‌ಬ್ಯಾಕ್ ನೋಡಿಕೊಳ್ಳೋ ಕೆಲಸವೂ ನಂದೇ. ಕಾಲೇಜಿನ ಹೆಸರು ಬೇಡ, ಮೈಸೂರಲ್ಲೇ ಇರೋ ಒಂದು ಖಾಸಗಿ ಆರ್ಟ್ಸ್ ಕಾಲೇಜು ಅಂತ ಇಟ್ಕೊಳಿ. ಈಗೀಗ ಬೋರ್ಡಲ್ಲಿ ಲಿಬರಲ್ ಆರ್ಟ್ಸ್ ಅಂತಾನೂ ಸೇರಿಸಿದ್ದಾರೆ, ಆದ್ರೆ ಈ ಊರಿಗೆ ಅದೇನು ಹೊಸದಲ್ಲ, ಹಿಸ್ಟರಿ ಫಿಲಾಸಫಿ ಕನ್ನಡ ಇಂಗ್ಲಿಷ್ ಎಲ್ಲಾ ಒಂದೇ ಸೂರಿನ ಕೆಳಗೆ ಓದೋದನ್ನ ಮಹಾರಾಜ ಕಾಲೇಜು 1916ರಲ್ಲಿ ಯೂನಿವರ್ಸಿಟಿ ಹುಟ್ಟೋಕೆ ಮುಂಚಿಂದಾನೂ ಮಾಡ್ಕೊಂಡು ಬಂದಿದೆ.

ಈ ಬ್ಯಾಚು ಎನ್‌ಇಪಿ ಬ್ಯಾಚು, ಅಂದ್ರೆ ನಾಲ್ಕು ವರ್ಷದ ಡಿಗ್ರಿಗೂ ಅವಕಾಶ ಇರೋ ರಾಷ್ಟ್ರೀಯ ಶಿಕ್ಷಣ ನೀತಿ ಅಡಿ ಸೇರಿದೋರು. ಕರ್ನಾಟಕ 2021ರಲ್ಲಿ ಎಲ್ಲರಿಗಿಂತ ಮೊದಲು ಎನ್‌ಇಪಿ ತಂತು, 2024ರಲ್ಲಿ ಹೊಸದಾಗಿ ಸೇರೋರಿಗೆ ಮತ್ತೆ ಮೂರು ವರ್ಷದ ಡಿಗ್ರಿ ಅಂತ ಬದಲಾಯಿಸ್ತು. ಹಂಗಾಗಿ ಸೀನಿಯರ್‌ದು ಒಂದು ಸ್ಕೀಮು ಜೂನಿಯರ್‌ದು ಇನ್ನೊಂದು, ಟೈಮ್‌ಟೇಬಲ್ ಹಾಕೋದೇ ಒಂದು ಯುದ್ಧ. ಈ ಟೈಮ್‌ಟೇಬಲ್ ವಿಷಯ ಮುಂದೆ ಬರುತ್ತೆ, ನೆನಪಲ್ಲಿಟ್ಕೊಳಿ.

ಅರ್ಜಿ ನೋಡಿದಾಗ ನನಗೆ ಆಶ್ಚರ್ಯ ಆಗಿದ್ದು ಯಾಕಂದ್ರೆ ಒಂದೂವರೆ ತಿಂಗಳ ಹಿಂದಷ್ಟೇ ಇದೇ ಮಕ್ಕಳು ಆನ್‌ಲೈನ್ ಫಾರ್ಮ್ ತುಂಬಿದ್ರು, ಅದರಲ್ಲಿ ಇದೇ ಮೇಡಂಗೆ ಐದಕ್ಕೆ ನಾಲ್ಕೂವರೆ ಮೇಲೆ ಬಂದಿತ್ತು. ನಮ್ಮ ಫಾರ್ಮು ಕಾಲೇಜುಗಳ ಗುಣಮಟ್ಟ ಅಳೆಯೋ ನ್ಯಾಕ್‌ನೋರು ಮಕ್ಕಳಿಗೆ ಕಳಿಸೋ ಸರ್ವೆ ನೋಡ್ಕೊಂಡೇ ಮಾಡಿದ್ದು. ಅದರಲ್ಲಿ 21 ಪ್ರಶ್ನೆ, 20ಕ್ಕೆ ಟಿಕ್ ಹಾಕೋದು, ಕೊನೇದು ಮಾತ್ರ ಸ್ವಂತ ಮಾತಲ್ಲಿ ಬರೆಯೋದು. ಸಿಲಬಸ್ ಎಷ್ಟು ಮುಗಿಸಿದ್ರು, ಟೀಚರ್ ತಯಾರಿ ಮಾಡ್ಕೊಂಡು ಬರ್ತಾರಾ, ಇಂಟರ್ನಲ್ ಮಾರ್ಕ್ಸ್ ನ್ಯಾಯವಾಗಿ ಕೊಡ್ತಾರಾ, ಹಿಂಗೆ. ಕೆಟ್ಟ ಪ್ರಶ್ನೆಗಳಲ್ಲ, ಆದ್ರೆ ನಮ್ಮ ಕಾಲೇಜಲ್ಲಿ ಫಾರ್ಮ್ ತೆರೆಯೋಕೆ ರಿಜಿಸ್ಟರ್ ನಂಬರ್ ಹಾಕಬೇಕು, ಎನ್‌ಇಪಿ ಸ್ಕೀಮಲ್ಲಿ ನೂರಕ್ಕೆ 40 ಇಂಟರ್ನಲ್ಲು, ಆ 40 ಇರೋದು ಯಾರ ಮೇಲೆ ಅಭಿಪ್ರಾಯ ಕೇಳ್ತಿದ್ದೀವೋ ಅವರದೇ ಕೈಯಲ್ಲಿ. ಹಳ್ಳಿಯಿಂದ ಬಂದ, ಮನೇಲಿ ಮೊದಲ ಸಲ ಡಿಗ್ರಿ ಮೆಟ್ಟಿಲು ಹತ್ತಿರೋ ಮಗು ಅಲ್ಲಿ ‘ಚೆನ್ನಾಗಿಲ್ಲ’ ಅಂತ ಒತ್ತುತ್ತಾ? ಇಷ್ಟು ವರ್ಷ ಆ ನಾಲ್ಕೂವರೆಯನ್ನ ನಾನೂ ನಂಬಿದ್ದೆ, ರಿಪೋರ್ಟಲ್ಲಿ ಗ್ರಾಫ್ ಮಾಡಿ ಹಾಕಿದ್ದೆ. 21ನೇ ಪ್ರಶ್ನೆಗೆ ಬಹುತೇಕ ಎಲ್ಲಾರೂ ‘ಗುಡ್’ ಅಂತ ಬರೆದು ಬಿಟ್ಟಿದ್ದನ್ನ ನೋಡಿಯೂ ಯಾಕೆ ಹಿಂಗೆ ಅಂತ ಒಂದ್ಸಲ ಕೇಳಿರಲಿಲ್ಲ.

ಇಲ್ಲಿ ನನ್ನ ತಪ್ಪು ಹೇಳಲೇಬೇಕು. ಅರ್ಜಿ ಬಂದ ದಿನ ನಾನು ಮೇಡಂ ಹತ್ರ ಹೋಗಿ ಕೂತು ಮಾತಾಡಬೇಕಿತ್ತು, ಅದು ಬಿಟ್ಟು ನೇರ ಪ್ರಿನ್ಸಿಪಾಲ್ ಟೇಬಲ್ ಮೇಲೆ ಇಟ್ಟೆ. ಮಾರನೇ ದಿನ ಅವರಿಗೆ ಮೆಮೊ ಹೋಯ್ತು, ವಿವರಣೆ ಕೊಡಿ ಅಂತ. ಅದರ ಜೊತೆ ಅರ್ಜಿಯ ಜೆರಾಕ್ಸು, ಸಹಿ ಸಮೇತ. ಸಹಿ ಮುಚ್ಚಬೇಕು ಅನ್ನೋದು ಯಾರಿಗೂ ಹೊಳೀಲಿಲ್ಲ, ನನಗೂ. ಮೇಡಂ ಅವತ್ತು ಮೊದಲ ಪೀರಿಯಡ್‌ಗೆ ಆ ಹಾಳೆ ಹಿಡ್ಕೊಂಡೇ ಹೋಗಿ ಇಡೀ ಅರ್ಜಿಯನ್ನ ಗಟ್ಟಿಯಾಗಿ ಓದಿ, ಹದಿನಾಲ್ಕು ವರ್ಷದಲ್ಲಿ ನನ್ನ ಮೇಲೆ ಯಾರೂ ಹಿಂಗೆ ಬರೆದಿಲ್ಲ ಅಂದು, ಪಾಠ ಮಾಡದೆ ವಾಪಸ್ ಬಂದ್ರು. ಸ್ಟಾಫ್ ರೂಮಲ್ಲಿ ಅವರ ಕಣ್ಣು ಕೆಂಪಾಗಿತ್ತು. ಕ್ಲಾಸಲ್ಲಿ ಅರ್ಜಿ ಬರೆದ ಹುಡುಗಿ ಅಳ್ತಿದ್ದಳಂತೆ. ಸಹಿ ಹಾಕದ 21 ಜನ ಒಂದು ಕಡೆ, ಹಾಕಿದ 31 ಜನ ಇನ್ನೊಂದು ಕಡೆ, ಅವತ್ತಿಂದ ಬೆಂಚು ಸಮೇತ ಬೇರೆ ಆಗಿಹೋಯ್ತು.

ಆಮೇಲೆ ನಾನು ಮಾಡಿದ್ದು ಇಷ್ಟು. ಪ್ರಿನ್ಸಿಪಾಲ್ ಹತ್ರ ಹದಿನೈದು ದಿನ ಟೈಮ್ ಕೇಳಿದೆ, ಮೆಮೊ ಅಲ್ಲಿವರೆಗೆ ಹಂಗೇ ಇರಲಿ ಅಂದೆ. ಎಲ್ಲಾ 52 ಜನಕ್ಕೂ ಬಿಳಿ ಚೀಟಿ ಕೊಟ್ಟು, ಹೆಸರು ಬೇಡ ನಂಬರ್ ಬೇಡ, ನಿಮ್ಮ ಮನೆ ಮಾತಲ್ಲಿ ಬರೀರಿ, ಯಾವ ಕ್ಲಾಸು ಇಷ್ಟ ಯಾಕಿಷ್ಟ, ಯಾವುದು ಕಷ್ಟ ಯಾಕೆ ಕಷ್ಟ, ಇಷ್ಟೇ ಅಂದೆ. ಲೈಬ್ರರಿ ಬಾಗಿಲಲ್ಲಿ ಒಂದು ಡಬ್ಬಿ ಇಟ್ವಿ. ಆಮೇಲೆ ನಾಲ್ಕೈದು ಜನದ ಗುಂಪು ಮಾಡ್ಕೊಂಡು ಕ್ಯಾಂಟೀನಲ್ಲಿ, ಹೊಂಗೆ ಮರದ ಕಟ್ಟೆ ಮೇಲೆ ಕೂತು ಮಾತಾಡಿದೆ. ಎರಡು ದಿನ ಸಂಜೆ ಸಬರ್ಬ್ ಬಸ್ ಸ್ಟ್ಯಾಂಡ್‌ವರೆಗೂ ಅವರ ಜೊತೆ ನಡ್ಕೊಂಡು ಹೋದೆ. ನನಗೆ ಅತಿ ಹೆಚ್ಚು ಗೊತ್ತಾಗಿದ್ದು ಆ ನಡಿಗೆಯಲ್ಲೇ, ಕಾಲೇಜ್ ಗೇಟ್ ದಾಟಿದ ಮೇಲೆ ಮಕ್ಕಳ ಬಾಯಿ ತಾನೇ ತಾನಾಗಿ ಬಿಡ್ತದೆ.

ಮೊದಲ ಚೀಟೀಲೇ ಇದ್ದಿದ್ದು ಬಸ್ಸು. ನಾನು ಮೇಷ್ಟ್ರ ಬಗ್ಗೆ ಕೇಳಿದ್ರೆ ಅವರು ಬಸ್ಸಿನ ಬಗ್ಗೆ ಬರೆದಿದ್ರು, ಒಂದಲ್ಲ ಎರಡಲ್ಲ, ಹನ್ನೆರಡು ಚೀಟಿ. ರಾಜ್ಯಶಾಸ್ತ್ರ ವಾರಕ್ಕೆ ಮೂರು ದಿನ ಮೊದಲ ಪೀರಿಯಡ್, ಒಂಬತ್ತೂವರೆಗೆ. ಬನ್ನೂರು, ಟಿ. ನರಸೀಪುರ, ಪಾಂಡವಪುರ, ಕೆ.ಆರ್. ಪೇಟೆ ಕಡೆಯಿಂದ ಬರೋರು ಐದೂವರೆಗೆ ಎದ್ದು, ಹಾಲು ಕರೆದು ಡೈರಿಗೆ ಹಾಕಿ, ಏಳೂಕಾಲರ ಬಸ್ಸಿಗೆ ಕಾಯ್ತಾರೆ. 2023ರ ಜೂನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಮಕ್ಕಳಿಗೆ ಬಸ್ಸು ಫ್ರೀ, ಅದರಿಂದಲೇ ಎಷ್ಟೋ ಮನೆಯವರು ಮಗಳನ್ನ ಮೈಸೂರಿಗೆ ಓದೋಕೆ ಕಳಿಸೋ ಧೈರ್ಯ ಮಾಡಿದ್ದಾರೆ, ಇದನ್ನ ಹುಡುಗಿಯರೇ ಹೇಳಿದ್ರು, ಅದು ಸಣ್ಣ ಉಪಕಾರ ಅಲ್ಲ. ಆದ್ರೆ ಬಸ್ಸಿನ ಸಂಖ್ಯೆ ಆ ಲೆಕ್ಕಕ್ಕೆ ಏರಿಲ್ಲ. ಊರಿಂದ ಹೊರಡುವಾಗಲೇ ತುಂಬಿರೋ ಬಸ್ಸು ಮಧ್ಯದ ಸ್ಟಾಪಲ್ಲಿ ನಿಲ್ಸದೆ ಹೋಗ್ತದೆ, ಮುಂದಿನದು ಹಿಡಿದು ಬಂದ್ರೆ ಕಾಲೇಜು ತಲುಪೋದು ಹತ್ತು ಹತ್ತೂಕಾಲು. ಮೇಡಂ ಒಂಬತ್ತೂ ನಲವತ್ತಕ್ಕೆ ಬಾಗಿಲು ಹಾಕ್ತಾರೆ.

ಪಾಂಡವಪುರದ ಹುಡುಗಿ ಹೇಳಿದ್ದು ಹಿಂಗೆ: ‘ಸಾ, ಕ್ಲಾಸ್ ಒಳಗೇ ಬರಕಾಗಕಿಲ್ಲ ನಂಗೆ. ಹೊರಗೆ ನಿಂತ್ಕಂಡ್ರೆ ಅವರ ಧ್ವನಿ ಕೇಳ್ತದೆ, ಏನ್ ಹೇಳ್ತಾವ್ರೆ ಅಂತ ಗೊತ್ತಾಗಕಿಲ್ಲ. ಬೇರೆ ಸಬ್ಜೆಕ್ಟಲ್ಲಿ ಯಾರ್ದಾದ್ರೂ ನೋಟ್ಸ್ ಫೋಟೋ ಹೊಡ್ಕಬೋದು, ಇವರದ್ರಲ್ಲಿ ಯಾರತ್ರಾನೂ ನೋಟ್ಸೇ ಇಲ್ವಲ್ಲ ಸಾ.’

ನೋಟ್ಸ್ ಅನ್ನೋ ಪದದ ಒಳಗೆ ಏನಿತ್ತು ಅಂತ ನನಗೆ ಅವತ್ತು ಅರ್ಥ ಆಯ್ತು. ನಾವು ಸ್ಟಾಫ್ ರೂಮಲ್ಲಿ ಕೂತು ಈಗಿನ ಮಕ್ಕಳಿಗೆ ಎಲ್ಲಾ ಬಾಯಿಗೆ ಇಡಬೇಕು, ಓದೋ ಅಭ್ಯಾಸವೇ ಇಲ್ಲ, ಉಕ್ತಲೇಖನ ಬೇಕು ಅಂತ ಬೈತಿದ್ವಿ. ಅವರು ಕೇಳ್ತಿದ್ದಿದ್ದು ತಪ್ಪಿಹೋದ ಪಾಠವನ್ನ ಮನೆಗೆ ಒಯ್ಯೋಕೆ ಒಂದು ದಾರಿ.

ಎರಡನೇದು ಭಾಷೆ. 52ರಲ್ಲಿ 33 ಜನ ಪರೀಕ್ಷೆ ಕನ್ನಡದಲ್ಲಿ ಬರೆಯೋರು, ಉಳಿದೋರು ಇಂಗ್ಲಿಷಲ್ಲಿ, ಆದ್ರೆ ಕೂರೋದು ಎಲ್ಲಾ ಒಂದೇ ರೂಮಲ್ಲಿ. ಪೇಪರ್ ಇದ್ದಿದ್ದು ಪಾಶ್ಚಾತ್ಯ ರಾಜಕೀಯ ಚಿಂತನೆ, ಪ್ಲೇಟೊ ಅರಿಸ್ಟಾಟಲ್‌ನಿಂದ ಹಾಬ್ಸ್ ಲಾಕ್ ರೂಸೊವರೆಗೆ. ಮೇಡಂ ಪಾಠ ಬಹುಪಾಲು ಇಂಗ್ಲಿಷಲ್ಲಿ, ಮಧ್ಯೆ ಒಂದೆರಡು ಕನ್ನಡ ವಾಕ್ಯ. ಸಹಿ ಹಾಕದ 21 ಜನರಲ್ಲಿ ಹೆಚ್ಚಿನವರು ಸಿಟಿಯೋರು, ಇಂಗ್ಲಿಷ್ ಮೀಡಿಯಂ, ಅವರ ಚೀಟಿ ಓದಿದ್ರೆ ಇದು ಅದೇ ಟೀಚರಾ ಅನ್ನಿಸುತ್ತೆ. ‘ನಮಗೆ ಯೋಚನೆ ಮಾಡೋದು ಕಲಿಸಿದ್ದು ಇವರೊಬ್ಬರೇ’ ಅಂತ ಒಬ್ಬರು. ‘ಪ್ರಶ್ನೆ ಕೇಳಿದ್ರೆ ಖುಷಿ ಪಡ್ತಾರೆ, ಕ್ಲಾಸ್ ಮುಗಿದ್ಮೇಲೂ ಅರ್ಧ ಗಂಟೆ ಮಾತಾಡ್ತಾರೆ’ ಅಂತ ಇನ್ನೊಬ್ಬರು. ಅದೂ ನಿಜ. ಕಾರಿಡಾರಲ್ಲಿ ಅವರ ಸುತ್ತ ನಿಂತ ಆ ನಾಲ್ಕೈದು ಜನ ಗುಂಪನ್ನ ನಾನೇ ಎಷ್ಟೋ ಸಲ ನೋಡಿದ್ದೀನಿ. ಆ ಗುಂಪಲ್ಲಿ ಬನ್ನೂರಿನ ಹುಡುಗರು ಯಾಕಿಲ್ಲ ಅಂತ ನೋಡಿರಲಿಲ್ಲ. ಅವರು ಸಂಜೆ ನಾಲ್ಕರ ಬಸ್ಸಿಗೆ ಓಡ್ತಿದ್ರು, ಇಲ್ಲಾ ಕೇಟರಿಂಗ್ ಕೆಲಸಕ್ಕೆ ಹೋಗ್ತಿದ್ರು, ಲಗ್ನದ ಸೀಸನಲ್ಲಿ ಚೌಟ್ರಿಯಲ್ಲಿ ಬಡಿಸಿ ರಾತ್ರಿ ಹನ್ನೊಂದಕ್ಕೆ ಹಾಸ್ಟೆಲ್ ಸೇರೋರೂ ಇದ್ರು.

ಐದಾರು ಚೀಟೀಲಿ ಒಂದೇ ಮಾತು, ಅದು ನನ್ನ ಮನಸ್ಸಿಂದ ಇನ್ನೂ ಹೋಗಿಲ್ಲ: ‘ಮೇಡಂಗೆ ನನ್ನ ಹೆಸರು ಗೊತ್ತಿಲ್ಲ.’ ಒಬ್ಬ ಹುಡುಗ ಬರೆದಿದ್ದ, ಅಸೈನ್‌ಮೆಂಟ್ ಕೊಟ್ಟೆ, ಮಾರ್ಕ್ಸ್ ಮಾತ್ರ ಬಂತು, ಹಾಳೆ ವಾಪಸ್ ಬರಲಿಲ್ಲ, ಎಲ್ಲಿ ತಪ್ಪು ಮಾಡಿದೆ ಅಂತ ತಿಳೀಲೇ ಇಲ್ಲ ಅಂತ. ಇದು ಆ ಮೇಡಂ ಒಬ್ಬರ ಮೇಲಿನ ದೂರಲ್ಲ, ನನ್ನ ಮೇಲೂ ಹೌದು, ನಾನೂ ಕನ್ನಡ ಅಸೈನ್‌ಮೆಂಟುಗಳನ್ನ ಕಟ್ಟು ಕಟ್ಟಿ ಬೀರುವಿನಲ್ಲಿ ಇಟ್ಟೋನೇ.

ಇನ್ನು ಹಿಸ್ಟರಿ ಸರ್ ವಿಷಯ. ಅರ್ಜಿಯ ಕೊನೇಲಿ ಬೇರೆಯವರನ್ನ ಹಾಕಿ ಅಂದಾಗ ಮಕ್ಕಳ ತಲೇಲಿದ್ದಿದ್ದು ಇವರಂಥವರು. ಅವರು ಗೆಸ್ಟ್ ಲೆಕ್ಚರರ್, ಡಿಕ್ಟೇಷನ್ ಕೊಡ್ತಾರೆ, ಪೂರ್ತಿ ಕನ್ನಡ, ನಗ್ತಾ ಮಾತಾಡ್ತಾರೆ, ಇಂಟರ್ನಲ್ಸ್ ಧಾರಾಳ. ಫಾರ್ಮಲ್ಲಿ ಐದಕ್ಕೆ ಐದು. ಚೀಟಿಯಲ್ಲಿ ‘ಸರ್ ದೇವರಂಥೋರು’ ಅಂತಾನೂ ಇತ್ತು. ಆದ್ರೆ ಕಟ್ಟೆ ಮೇಲೆ ಕೂತಾಗ, ಸರಿ ಅವರ ಪಾಠದಲ್ಲಿ ನಿಮಗೆ ತುಂಬಾ ಹಿಡಿಸಿದ್ದು ಯಾವುದು ಅಂದ್ರೆ ಸುಮ್ಮನಾದ್ರು. ಒಬ್ಬ ಹುಡುಗ ಬಹಳ ಹೊತ್ತು ಯೋಚಿಸಿ, ‘ಬರ್ಕೊಂಡಿದೀವಿ ಸಾ, ಓದಿಲ್ಲ ಇನ್ನೂ’ ಅಂದ. ಆ ಸರ್ ಹತ್ರಾನೂ ಮಾತಾಡಿದೆ. ಅವರಿಗೆ ಬೆಳಿಗ್ಗೆ ನಮ್ಮ ಕಾಲೇಜು, ಮಧ್ಯಾಹ್ನ ಇನ್ನೊಂದು, ಎರಡೂ ಸೇರಿದ್ರೂ ಸಂಸಾರ ನಡೆಯೋದು ಕಷ್ಟ. ಸರ್ಕಾರಿ ಕಾಲೇಜುಗಳ ಅತಿಥಿ ಉಪನ್ಯಾಸಕರು ತಿಂಗಳುಗಟ್ಟಲೆ ಹೋರಾಟ ಮಾಡಿದ ಮೇಲೆ 2022ರಲ್ಲಿ ಅವರ ಗೌರವಧನ ಅರ್ಹತೆ ಅನುಭವ ನೋಡಿ 26ರಿಂದ 32 ಸಾವಿರ ಆಯ್ತು, ಖಾಸಗಿಯಲ್ಲಿರೋ ಇವರಿಗೆ ಅದೂ ಇಲ್ಲ. ‘ಪಾಠಕ್ಕೆ ಓದ್ಕೊಳೋಕೆ ನನಗೆ ಟೈಮೇ ಇಲ್ಲ ಸರ್, ಹಳೇ ನೋಟ್ಸ್ ಓದಿಸ್ತೀನಿ, ಮಕ್ಕಳಿಗೂ ಅದೇ ಇಷ್ಟ’ ಅಂದ್ರು, ಹೇಳುವಾಗ ನೆಲ ನೋಡ್ತಿದ್ರು. ಒಳ್ಳೆ ಮನುಷ್ಯ, ಚೆನ್ನಾಗಿ ಓದಿಕೊಂಡೋರು, ಉಪನ್ಯಾಸಕರ ಅರ್ಹತಾ ಪರೀಕ್ಷೆ ಕೆ-ಸೆಟ್ ಪಾಸಾದೋರು. ಅವರನ್ನ ಹಿಂಗೆ ನೆಲ ನೋಡೋ ಹಂಗೆ ಮಾಡಿರೋ ವ್ಯವಸ್ಥೆ ಬಗ್ಗೆ ನನಗೆ ಸಿಟ್ಟಿದೆ.

ಪ್ರತಿ ಸೆಪ್ಟೆಂಬರ್ 5ಕ್ಕೆ ನಮ್ಮೂರಲ್ಲಿ ಒಂದು ಕಥೆ ಹೇಳೇ ಹೇಳ್ತಾರೆ. ರಾಧಾಕೃಷ್ಣನ್ ಅವರು 1918ರಿಂದ ಮೈಸೂರಲ್ಲಿ ಫಿಲಾಸಫಿ ಪಾಠ ಮಾಡ್ತಿದ್ರು, 1921ರಲ್ಲಿ ಕಲ್ಕತ್ತಾಗೆ ಹೊರಟಾಗ ವಿದ್ಯಾರ್ಥಿಗಳು ಹೂವಿನ ಅಲಂಕಾರ ಮಾಡಿದ ಗಾಡಿಯಲ್ಲಿ ಅವರನ್ನ ಕೂರಿಸಿ ಸ್ಟೇಷನ್‌ವರೆಗೂ ತಾವೇ ಎಳ್ಕೊಂಡು ಹೋದ್ರು ಅಂತ. ನಾನೂ ಪ್ರತಿ ವರ್ಷ ಹೇಳ್ತೀನಿ. ಈ ಚೀಟಿಗಳನ್ನ ಓದಿದ ಮೇಲೆ ಆ ಕಥೆ ಬೇರೆ ಥರ ಕಾಣೋಕೆ ಶುರುವಾಯ್ತು. ಆ ಹುಡುಗರು ಇಂಗ್ಲಿಷ್ ಪಾಠ ಹಿಡಿಯೋ ಶಕ್ತಿ ಇದ್ದೋರು, ಕಾಲೇಜಿನ ಆಸುಪಾಸಲ್ಲೇ ಹಾಸ್ಟೆಲ್ಲೋ ನೆಂಟರ ಮನೆಯೋ ಹಿಡಿದು ಓದಿದೋರು ಬಹಳ ಜನ. ಇದೇ ಯೂನಿವರ್ಸಿಟೀಲಿ ಕುವೆಂಪು ವೈಸ್ ಚಾನ್ಸಲರ್ ಆಗಿದ್ದಾಗ ಕನ್ನಡದಲ್ಲೇ ಡಿಗ್ರಿ ಪಾಠ ಆಗಬೇಕು ಅಂತ ಅಷ್ಟು ಹಠ ಹಿಡಿದಿದ್ದು ಬನ್ನೂರಿನ ಹುಡುಗನಂಥೋರಿಗೇ ಅಲ್ವಾ? ಪರೀಕ್ಷೆ ಕನ್ನಡದಲ್ಲಿ ಬರೆಯೋಕೆ ಬಿಟ್ಟು, ಪಾಠ ಮಾತ್ರ ಅವರ ಕೈಗೆ ಸಿಗದ ಹಂಗೆ ಮಾಡಿದ್ರೆ ಅರ್ಧ ಕೆಲಸ ಅದು.

ಮೇಡಂ ಹತ್ರ ಮಾತಾಡೋಕೆ ನಾನು ಹೋಗಿದ್ದು ಎಲ್ಲಾರಿಗಿಂತ ಕೊನೇಲಿ, ಅಷ್ಟು ಅಳುಕಿತ್ತು. ಮೊದಲು ಕ್ಷಮೆ ಕೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ, ಆಮೇಲೆ ಕೇಳಿದ್ದು ಒಂದೇ, ‘ಸರ್, ಲೇಟ್ ಬರೋದು ಸೋಮಾರಿತನ ಅಂದ್ಕೊಂಡಿದ್ದೆ, ಬಸ್ ನಿಲ್ಲಿಸಲ್ಲ ಅಂತ ನನಗ್ಯಾರೂ ಯಾಕೆ ಹೇಳಲಿಲ್ಲ?’ ಅವರ ಕಡೆಯೂ ಮಾತಿತ್ತು. ಡಿಕ್ಟೇಷನ್ ಕೊಟ್ರೆ ಮಕ್ಕಳು ಪುಸ್ತಕ ಮುಟ್ಟಲ್ಲ, ಅದಕ್ಕೇ ಹಠ ಹಿಡಿದೆ ಅಂದ್ರು. ಇಂಗ್ಲಿಷಲ್ಲಿ ಓದ್ಕೊಂಡ ವಿಷಯವನ್ನ ಕನ್ನಡದಲ್ಲಿ ಹೇಳೋಕೆ ಹೋದ್ರೆ ಪದ ಸಿಗಲ್ಲ, ತಡವರಿಸ್ತೀನಿ, ಮಕ್ಕಳ ಮುಂದೆ ತಡವರಿಸೋಕೆ ನಾಚಿಕೆ ಅಂತಲೂ ಅಂದ್ರು, ಅದನ್ನ ಹೇಳೋಕೆ ಅವರಿಗೆ ಎಷ್ಟು ಕಷ್ಟ ಆಯ್ತು ಅಂತ ನಾನು ನೋಡಿದೆ. ನಾನು ಚೀಟಿಗಳನ್ನ ಹಂಗೇ ಕೊಡಲಿಲ್ಲ, ಅಕ್ಷರ ಗುರುತು ಸಿಗುತ್ತೆ ಅಂತ ಎಲ್ಲಾ ನನ್ನ ಕೈಯಲ್ಲಿ ನಕಲು ಮಾಡಿ ಕೊಟ್ಟೆ. ಹೊಗಳಿದ್ದೂ ಬೈದಿದ್ದೂ ಎರಡೂ.

ಬದಲಾವಣೆ ದೊಡ್ಡದೇನಲ್ಲ. ರಾಜ್ಯಶಾಸ್ತ್ರ ಮೊದಲ ಪೀರಿಯಡ್‌ನಿಂದ ಮೂರನೇದಕ್ಕೆ ಹೋಯ್ತು, ಅದಕ್ಕೆ ಇಂಗ್ಲಿಷ್ ಮೇಷ್ಟ್ರು ತಮ್ಮ ಪೀರಿಯಡ್ ಬಿಟ್ಟುಕೊಟ್ರು. ಮೇಡಂ ಡಿಕ್ಟೇಷನ್ ಕೊಡಲಿಲ್ಲ, ಇವತ್ತಿಗೂ ಕೊಡಲ್ಲ, ಅದರಲ್ಲಿ ನಾನು ಅವರ ಪರ. ಬದಲಿಗೆ ಪ್ರತಿ ಕ್ಲಾಸ್ ಆದ್ಮೇಲೆ ವಾಟ್ಸಾಪ್ ಗ್ರೂಪಿಗೆ ಏಳೆಂಟು ನಿಮಿಷದ ವಾಯ್ಸ್ ಮೆಸೇಜು, ಕನ್ನಡದಲ್ಲಿ, ಇವತ್ತು ಏನು ಮಾತಾಡಿದ್ವಿ ಅಂತ. ಮೊದಮೊದಲು ತಡವರಿಕೆ ಕೇಳ್ತಿತ್ತು, ಯಾರೂ ನಗಲಿಲ್ಲ. ಬಸ್ಸಲ್ಲಿ ನಿಂತ್ಕೊಂಡೇ ಒಂದು ಇಯರ್‌ಫೋನ್ ಇಬ್ಬರು ಹಂಚ್ಕೊಂಡು ಕೇಳ್ತೀವಿ ಅಂದ್ರು ಹುಡುಗಿಯರು. ಲೈಬ್ರರಿಯ ಹಿಂದಿನ ಬೀರುವಿನಲ್ಲಿ ಧೂಳು ಹಿಡಿದಿದ್ದ ಮೈಸೂರು ಯೂನಿವರ್ಸಿಟಿಯ ಪ್ರಕಟಣೆ ವಿಭಾಗ ಪ್ರಸಾರಾಂಗದ ಹಳೇ ಕನ್ನಡ ಪುಸ್ತಕಗಳನ್ನ ಹುಡುಕಿ ಮುಂದೆ ಇಟ್ವಿ, ಪ್ರಚಾರೋಪನ್ಯಾಸ ಮಾಲೆಯ ಆ ಚಿಕ್ಕ ಚಿಕ್ಕ ಪುಸ್ತಕಗಳು, ಒಂದು ಬಸ್ ಪ್ರಯಾಣದಲ್ಲಿ ಓದಿ ಮುಗಿಸಬಹುದು. ಮೇಡಂ ಪದಕ್ಕೆ ತಡಕಾಡ್ತಿದ್ರಲ್ಲ, ಅವರಿಗೂ ಅಲ್ಲೇ ಸಿಕ್ತು. ಅಸೈನ್‌ಮೆಂಟ್ ಎಲ್ಲಾ ಟೀಚರೂ ಎರಡು ಸಾಲು ಬರೆದು ವಾಪಸ್ ಕೊಡಬೇಕು ಅಂತ ಆಯ್ತು, ನಾನೂ ಬೀರು ಖಾಲಿ ಮಾಡಿದೆ.

ಒಂದು ದಿನದ ಕ್ಲಾಸ್ ಬಗ್ಗೆ ಹೇಳಲೇಬೇಕು, ಅವತ್ತು ಮೇಡಂ ನನ್ನನ್ನೂ ಕರೆದು ಹಿಂದಿನ ಬೆಂಚಲ್ಲಿ ಕೂರಿಸಿದ್ರು. ಪಾಠ ಹಾಬ್ಸ್. ಇಂಗ್ಲೆಂಡಿನ ಅಂತರ್ಯುದ್ಧದ ಕಾಲದವನು, ಸರ್ಕಾರ ಇಲ್ಲದಿದ್ರೆ ಎಲ್ಲರೂ ಎಲ್ಲರ ಮೇಲೆ ಬೀಳ್ತಾರೆ, ಆ ಭಯಕ್ಕೆ ಜನ ತಮ್ಮ ಹಕ್ಕನ್ನ ಒಬ್ಬನ ಕೈಗೆ ಒಪ್ಪಿಸ್ತಾರೆ ಅನ್ನೋದು ಅವನ ವಾದ. ಮೇಡಂ ಅರ್ಧ ಕನ್ನಡ ಅರ್ಧ ಇಂಗ್ಲಿಷಲ್ಲಿ ಹೇಳಿ, ನಿಮ್ಮೂರಲ್ಲಿ ಹಿಂಗೆ ಏನಾದ್ರೂ ಇದೆಯಾ ಅಂದ್ರು. ಅರ್ಜಿ ಬರೆದ ಆ ಹುಡುಗಿ ಎದ್ದು ನಿಂತಳು. ‘ನೀರುಗಂಟಿ ಮೇಡಂ’ ಅಂದಳು. ಮೇಡಂಗೆ ಗೊತ್ತಿರಲಿಲ್ಲ, ಸಿಟಿ ಹುಡುಗರಿಗೂ ಗೊತ್ತಿರಲಿಲ್ಲ. ಅವಳು ವಿವರಿಸಿದ್ಲು: ವಿ.ಸಿ. ನಾಲೇಲಿ ನೀರು ಬಿಟ್ಟಾಗ ತೂಬಿನ ಹತ್ರ ಇರೋನು ಪೂರ್ತಿ ತಿರುಗಿಸ್ಕಂತಾನೆ, ಕೊನೆ ಗದ್ದೆಯೋನಿಗೆ ತಲುಪಕಿಲ್ಲ, ರಾತ್ರಿ ಸನಿಕೆ ಹಿಡ್ಕಂಡು ಹೊಡೆದಾಟ. ಅದಕ್ಕೇ ಎಲ್ಲಾರೂ ಸೇರಿ ತೂಬು ಮುಟ್ಟೋ ಹಕ್ಕು ನೀರುಗಂಟಿಗೆ ಬಿಟ್ಟುಕೊಡ್ತಾರೆ, ಅವನು ಎಷ್ಟು ಹೊತ್ತು ಅಂದ್ರೆ ಅಷ್ಟು ಹೊತ್ತು. ಆಗ ಯಾವತ್ತೂ ಇಂಗ್ಲಿಷಲ್ಲೇ ಮಾತಾಡೋ ಸರಸ್ವತಿಪುರಂನ ಒಬ್ಬ ಹುಡುಗ ಕನ್ನಡದಲ್ಲಿ ಕೇಳಿದ, ‘ಆ ನೀರುಗಂಟಿ ದುಡ್ಡು ತಗೊಂಡು ಒಬ್ಬರಿಗೇ ನೀರು ಬಿಟ್ರೆ?’ ‘ಊರೋರು ಸೇರಿ ಅವನ್ನ ಬದಲಾಯಿಸ್ತೀವಿ’ ಅಂದಳು. ಮೇಡಂ ಬೋರ್ಡ್ ಕಡೆ ತಿರುಗಿ ಹಾಬ್ಸ್ ಪಕ್ಕ ಲಾಕ್ ಅಂತ ಬರೆದು, ನಂಬಿಕೆ ಮುರಿದ ಸರ್ಕಾರವನ್ನ ಜನ ಬದಲಾಯಿಸಬಹುದು ಅಂದೋನು ಇವನು, ಇದು ನಾಳೆ ಪಾಠ, ನೀವೇ ಶುರು ಮಾಡಿಬಿಟ್ರಿ ಅಂದ್ರು. ಆಮೇಲೆ ಅವಳ ಹೆಸರು ಹಿಡಿದು ಕರೆದು, ತೂಬಿನ ಬಗ್ಗೆ ಇನ್ನೊಂದ್ಸಲ ಹೇಳಮ್ಮ, ನಾನು ಬರ್ಕೋತೀನಿ ಅಂದ್ರು. ನನ್ನ ಗಂಟಲು ಕಟ್ಟಿತ್ತು.

ಎಲ್ಲಾ ಸರಿಹೋಯ್ತು ಅಂತ ಹೇಳಲಾರೆ. ಸೆಮ್ ಕೊನೇಲಿ ಮತ್ತೆ ಚೀಟಿ ಹಾಕಿಸಿದಾಗ ‘ಈಗಲೂ ಸ್ಪೀಡ್ ಜಾಸ್ತಿ’ ಅಂತ ಒಂಬತ್ತು ಜನ ಬರೆದಿದ್ರು, ಇಂಗ್ಲಿಷ್ ಮೀಡಿಯಂ ಮಕ್ಕಳು ಇಬ್ಬರು ‘ಮೊದಲಿನ ಹಂಗೆ ಆಳವಾಗಿ ಹೋಗ್ತಿಲ್ಲ’ ಅಂತಾನೂ ಬರೆದಿದ್ರು, ಅದನ್ನೂ ತಳ್ಳಿಹಾಕೋಕಾಗಲ್ಲ. ಕೇಟರಿಂಗ್‌ಗೆ ಹೋಗ್ತಿದ್ದ ಒಬ್ಬ ಹುಡುಗ ಕಾಲೇಜೇ ಬಿಟ್ಟ, ಫೋನ್ ಮಾಡಿದ್ರೆ ತೆಗೀತಿಲ್ಲ. ಹಿಸ್ಟರಿ ಸರ್ ಮಧ್ಯದಲ್ಲೇ ಬಿಟ್ಟು ಹೋದ್ರು, ಬೆಂಗಳೂರಲ್ಲಿ ಯಾವುದೋ ಕೋಚಿಂಗ್ ಸೆಂಟರ್‌ಗೆ. ಫಾರ್ಮಿಂದ ರಿಜಿಸ್ಟರ್ ನಂಬರ್ ತೆಗೆಸೋಕೆ ನಾನು ಕೊಟ್ಟ ಪತ್ರ ಮ್ಯಾನೇಜ್‌ಮೆಂಟ್ ಹತ್ರ ಇದೆ, ಮೆಮೊ ಮಾತ್ರ ವಾಪಸ್ ತಗೊಂಡ್ರು.

ಹೊಸ ಸೆಮ್ ಟೈಮ್‌ಟೇಬಲ್ ಹೋದ ವಾರ ಬಂತು, ರಾಜ್ಯಶಾಸ್ತ್ರ ಮತ್ತೆ ಮೊದಲ ಪೀರಿಯಡ್‌ಗೆ ಬಿದ್ದಿದೆ. ಈ ಸಲ ಅದನ್ನ ಮೊದಲು ನೋಡಿ ನನಗೆ ಫೋನ್ ಮಾಡಿದ್ದು ಮೇಡಂ. ಬಸ್ ಡಿಪೊಗೆ ಏಳೂಕಾಲರ ಟ್ರಿಪ್ಪಿಗೆ ಇನ್ನೊಂದು ಬಸ್ ಬಿಡಿ ಅಂತ ಅರ್ಜಿ ಬರೆದಿದ್ದೀವಿ, ಈಗ ಕ್ಲಾಸಲ್ಲಿರೋ 51 ಜನರದ್ದೂ ಸಹಿ ಇದೆ, ಕೆಳಗೆ ಅವರದೂ ನಂದೂ. ಸೋಮವಾರ ಕೊಡೋಕೆ ಹೋಗ್ತಿದ್ದೀವಿ.